ಹರ್ನಿಯಾ ಅಂತ ಹೇಳಿದ್ದೆ

ಆಪರೇಷನ್ ಆಗಿ ಏಳನೇ ವಾರಕ್ಕೆ ಶಾಲೆಗೆ ವಾಪಸ್ ಹೋದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಏನಾಗಿತ್ತು ಅಂತ ಕೇಳಿದರು. ಹರ್ನಿಯಾ ಅಂದೆ. ಅದು ಮೊದಲೇ ಯೋಚಿಸಿ ಇಟ್ಟುಕೊಂಡಿದ್ದ ಮಾತು. ಹೊಟ್ಟೆಗೆ ಬೆಲ್ಟ್ ಯಾಕೆ ಅಂದರೆ ಹರ್ನಿಯಾ. ಮೆಟ್ಟಿಲು ಹತ್ತೋದು ಯಾಕೆ ಇಷ್ಟು ನಿಧಾನ ಅಂದರೆ ಹರ್ನಿಯಾ. ಎಲ್ಲರೂ ಅಯ್ಯೋ ಪಾಪ ಅಂದರು. ಹೆಡ್ ಮೇಡಂ ನನ್ನ ಕ್ಲಾಸುಗಳನ್ನೆಲ್ಲ ಕೆಳಗಿನ ಕೋಣೆಗಳಿಗೆ ಹಾಕಿಕೊಟ್ಟರು. ಒಬ್ಬರು ಮನೆಯಿಂದ ಗಂಜಿ ಮಾಡಿ ತಂದರು. ಅಷ್ಟು ಪ್ರೀತಿಯನ್ನು ಒಂದು ಸುಳ್ಳು ಹೇಳಿ ತಗೊಂಡೆನಲ್ಲ ಅಂತ ಆಗಲೇ ಚುಚ್ಚಿತ್ತು. ಆದರೂ ಸುಮ್ಮನಿದ್ದೆ. ನನಗೆ ಹರ್ನಿಯಾ ಇರಲೇ ಇಲ್ಲ. 46 ಕಿಲೋ ಇಳಿದ ಮೇಲೆ ಹೊಟ್ಟೆ ಮೇಲೆ ಜೋತು ಬಿದ್ದಿದ್ದ ಚರ್ಮವನ್ನು ತೆಗೆಸಿಕೊಂಡು ಬಂದಿದ್ದೆ.

ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲವೇನೋ. ನಮ್ಮ ಶಾಲೆಯಲ್ಲಿ ವಿಜ್ಞಾನ ಹೇಳುವ ಹುಡುಗಿ ಒಬ್ಬಳಿದ್ದಾಳೆ. ನನಗಿಂತ ಹನ್ನೆರಡು ವರ್ಷ ಚಿಕ್ಕವಳು, ನನ್ನನ್ನು ಅಕ್ಕಾ ಅಂತಲೇ ಕರೆಯುತ್ತಾಳೆ. ನಾನು ತೂಕ ಇಳಿಸಿದ್ದು ನೋಡಿ ಅವಳೂ ಶುರು ಮಾಡಿದಳು. ಬೆಳಿಗ್ಗೆ ಐದೂವರೆಗೆ ಬಳ್ಳಾರಿ ಕೋಟೆ ಗುಡ್ಡದ ಕೆಳಗಿನ ರಸ್ತೆಯಲ್ಲಿ ಇಬ್ಬರೂ ನಡೆಯುತ್ತಿದ್ದೆವು. 94 ಕಿಲೋ ಇದ್ದವಳು 60ಕ್ಕೆ ಬಂದಳು. ಈ ವರ್ಷ ಯುಗಾದಿಗೆ ಮುಂಚೆ ಒಂದು ದಿನ, ಊಟದ ಡಬ್ಬಿ ತೊಳೆಯುವ ನಲ್ಲಿ ಹತ್ತಿರ, ಸುತ್ತ ಯಾರೂ ಇಲ್ಲದ್ದು ನೋಡಿ ಕೇಳಿದಳು. "ಅಕ್ಕಾ, ನಿಮ್ಮ ಹೊಟ್ಟಿ ಹೆಂಗ ಇಷ್ಟು ಸಪಾಟ ಆತು? ನಂದು ನೋಡ್ರಿ, ಸೀರಿ ಒಳಗ ಮಡಚಿ ಇಟ್ಕೋಬೇಕು." ಅವಳು ಕೇಳಿದ್ದು ನನ್ನ ಸುಳ್ಳಿನ ಬುಡವನ್ನೇ. ನಾನು ಡಬ್ಬಿ ತೊಳೆಯುತ್ತಾ, ತಲೆ ಎತ್ತದೆ ಹೇಳಿದೆ. "ವ್ಯಾಯಾಮ ಮಾಡು. ನಿಧಾನಕ್ಕೆ ಬಿಗಿ ಆಗ್ತದೆ."

ಆಗೋದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಕೈ ಎತ್ತಿದಾಗಲೋ, ಇಳಿಸಿದಾಗಲೋ

ತೂಕ ಇಳಿದ ಕಥೆ ಉದ್ದ ಮಾಡೋದಿಲ್ಲ. 2021ರಲ್ಲಿ ನನ್ನ ತೂಕ 112 ಇತ್ತು. ಶುಗರ್ ಕೈ ಮೀರಿತ್ತು. ಹೊಟ್ಟೆಯ ಚೀಲವನ್ನೇ ಚಿಕ್ಕದು ಮಾಡುವ ಸ್ಲೀವ್ ಆಪರೇಷನ್ ಮಾಡಿಸಿಕೊಂಡೆ. ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಶುಗರ್‌ಗೆ ಮಾಡಿಸಿದ್ದು ಅಂದರೆ ಯಾರೂ ಮರುಮಾತು ಆಡೋದಿಲ್ಲ. ಒಂದೂವರೆ ವರ್ಷದಲ್ಲಿ 66ಕ್ಕೆ ಬಂದೆ. ಮಾತ್ರೆಗಳು ಒಂದೊಂದೇ ಬಿಟ್ಟವು. ಮದುವೆ ಮನೆಗಳಲ್ಲಿ ನೆಂಟರು ನನ್ನನ್ನು ಗುರುತು ಹಿಡಿಯಲಿಲ್ಲ. ಎಲ್ಲ ಒಳ್ಳೆಯದೇ ಆಯ್ತು. ಆದರೆ ಆ ದಿನಗಳು ಅಂದಾಗ ನನಗೆ ನೆನಪಾಗೋದು ತೂಕದ ಕಾಟಾ ಅಲ್ಲ, ಕೌಲ್ ಬಜಾರಿನ ಟೈಲರ್ ಅಕ್ಕ.

ಇಪ್ಪತ್ತು ವರ್ಷದಿಂದ ನನ್ನ ಬ್ಲೌಸ್ ಹೊಲಿಯೋದು ಅವರೇ. ಮೊದಲು ಜೀನ್ಸ್ ಯೂನಿಟ್ಟಿನಲ್ಲಿ ಇದ್ದವರು, ಆಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಮಿಷಿನ್ ಹಾಕಿಕೊಂಡರು. ನನ್ನ ಹಳೆಯ ಅಳತೆಗಳೆಲ್ಲ ಅವರ ನೋಟ್‌ಬುಕ್ಕಿನಲ್ಲಿವೆ. ಅಣ್ಣನ ಮಗಳ ಮದುವೆಗೆ ರೇಷ್ಮೆ ಬ್ಲೌಸ್ ಹೊಲಿಸಬೇಕಿತ್ತು. ಎದೆ ಅಳತೆ ಬರೆದುಕೊಂಡರು, ಸೊಂಟ ಬರೆದುಕೊಂಡರು. ಹಳೇ ಪುಟ ತಿರುವಿ ನೋಡಿ ಖುಷಿಪಟ್ಟರು. ತೋಳಿಗೆ ಬಂದಾಗ ಟೇಪು ಸುತ್ತಿದರು, ಬಿಟ್ಟರು, ಮತ್ತೆ ಸುತ್ತಿದರು. ಟೇಪನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡು ನಿಂತು ಕೇಳಿದರು. "ಟೀಚರ್, ಅಳತಿ ಯಾವಾಗಿಂದು ಹಿಡೀಲಿ? ಕೈ ಎತ್ತಿದಾಗಿಂದೋ, ಇಳಿಸಿದಾಗಿಂದೋ?" ಕೈ ಇಳಿಸಿದರೆ ತೋಳು ಸಣ್ಣಗೆ ಕಾಣುತ್ತಿತ್ತು. ಎತ್ತಿದರೆ ಕೆಳಗೆ ಅಂಗೈ ಅಗಲದ ಚರ್ಮ ಜೋಲುತ್ತಿತ್ತು. ಎರಡರ ನಡುವೆ ಎರಡು ಇಂಚು ವ್ಯತ್ಯಾಸ. ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಕೆಲಸ ಬಲ್ಲವರು ಕೇಳಲೇಬೇಕಾದ ಪ್ರಶ್ನೆ ಅದು. ನಾನು ಎತ್ತಿದಾಗಿಂದೇ ಹಿಡೀರಿ ಅಂದೆ. ಮದುವೆಯಲ್ಲಿ ಅಕ್ಕಿ ಕಾಳು ಹಾಕುವಾಗ ಕೈ ಎತ್ತಲೇಬೇಕಲ್ಲ.

ಚರ್ಮ ಯಾಕೆ ಕುಗ್ಗೋದಿಲ್ಲ ಅಂತ ನಾನು ಅವತ್ತು ಅವರನ್ನೇ ಕೇಳಿದ್ದರೂ ಉತ್ತರ ಸಿಗುತ್ತಿತ್ತು. ಲಂಗದ ಎಲಾಸ್ಟಿಕ್ ತುಂಬ ದಿನ ಎಳೆದಂಗೇ ಇದ್ದರೆ ಸತ್ತುಹೋಗುತ್ತೆ. ಒಗೆದರೂ ಒಣಗಿಸಿದರೂ ಮೊದಲಿನಂತೆ ಆಗೋದಿಲ್ಲ. ಚರ್ಮದೊಳಗೂ ಎಲಾಸ್ಟಿನ್ ಅಂತ ಎಳೆಗಳಿವೆ, ಹಿಗ್ಗಿದ್ದನ್ನು ವಾಪಸ್ ಎಳೆಯೋದು ಅವೇ. ಗಟ್ಟಿತನ ಕೊಡೋದು ಕೊಲಾಜನ್. ವರ್ಷಗಟ್ಟಲೆ ಭಾರ ಹೊತ್ತರೆ ಎರಡೂ ಕೆಡುತ್ತವೆ. ವ್ಯಾಯಾಮದಿಂದ ಗಟ್ಟಿ ಆಗೋದು ಒಳಗಿನ ಸ್ನಾಯು, ಮೇಲಿನ ಚರ್ಮ ಅಲ್ಲ. ಕ್ರೀಮು, ಹರಳೆಣ್ಣೆ, ಅರಿಶಿನ ಎಲ್ಲ ಮೇಲೇ ಉಳಿಯುತ್ತವೆ. ಹತ್ತು ಕಿಲೋ ಇಳಿಸಿದವರಿಗೆ, ವಯಸ್ಸು ಚಿಕ್ಕದಿದ್ದವರಿಗೆ, ಚರ್ಮ ಎಷ್ಟೋ ಮಟ್ಟಿಗೆ ತಾನೇ ಕೂಡಿಕೊಳ್ಳುತ್ತೆ. ಮೂವತ್ತು, ನಲವತ್ತು ಕಿಲೋ ಇಳಿದವರಲ್ಲಿ ಉಳಿದದ್ದು ಉಳಿದೇ ಬಿಡುತ್ತೆ.

ಅವ್ವನ ಹತ್ತಿ ಸೀರೆ

ಬಳ್ಳಾರಿ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಏಪ್ರಿಲ್ ಬಂತು ಅಂದರೆ 40 ದಾಟುತ್ತೆ, ರಾತ್ರಿ ಗೋಡೆ ಮುಟ್ಟಿದರೂ ಬೆಚ್ಚಗಿರುತ್ತೆ. 2022ರ ಬೇಸಿಗೆ ನಾನು ಮರೆಯೋದಿಲ್ಲ. ಹೊಟ್ಟೆಯ ಚರ್ಮ ಏಪ್ರನ್ ಕಟ್ಟಿದ ಹಾಗೆ ತೊಡೆಯವರೆಗೆ ಇಳಿದಿತ್ತು. ಅದರ ಮಡಿಕೆಯೊಳಗೆ ಬೆವರು ನಿಲ್ಲುತ್ತಿತ್ತು. ಗಾಳಿ ಇಲ್ಲ, ಬೆಳಕಿಲ್ಲ, ಚರ್ಮಕ್ಕೆ ಚರ್ಮ ಉಜ್ಜುತ್ತೆ. ಮೊದಲು ಕೆಂಪಾಯ್ತು. ಆಮೇಲೆ ಫಂಗಸ್ ಆಯ್ತು. ಆಮೇಲೆ ಸೀಳಿತು. ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿ. ವಾಸನೆಯೂ ಬರುತ್ತಿತ್ತು. ದಿನಕ್ಕೆ ಎರಡು ಸಲ ಸ್ನಾನ ಮಾಡಿ, ಮೈಗೆಲ್ಲ ಪೌಡರ್ ಹಾಕಿಕೊಂಡು ಹೋದರೂ, ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಬೆಂಚಿನ ಹತ್ತಿರ ಹೋಗಲು ಹಿಂಜರಿಯುತ್ತಿದ್ದೆ. ಒಂಬತ್ತನೇ ಕ್ಲಾಸಿನ ಮಕ್ಕಳು ನೋಟ್ಸ್ ತಿದ್ದಿಸಲು ಬಂದು ಪಕ್ಕ ನಿಲ್ಲುತ್ತವೆ. ಟೇಬಲ್ಲಿನ ಆ ಕಡೆ ನಿಲ್ರಪ್ಪ ಅನ್ನುತ್ತಿದ್ದೆ.

ಇದನ್ನು ಕಂಡುಹಿಡಿದದ್ದು ಅವ್ವ. ನಾನು ಹೇಳಿರಲಿಲ್ಲ. ಒಗೆಯಲು ಹಾಕಿದ ಲಂಗದ ಮೇಲಿನ ಕಲೆ ನೋಡಿದ್ದಾಳೆ. ಸಂಜೆ ನಾನು ಶಾಲೆಯಿಂದ ಬಂದಾಗ ಪಡಸಾಲೆಯಲ್ಲಿ ಕೂತು ತನ್ನ ಹಳೇ ಹತ್ತಿ ಸೀರೆಯನ್ನು ಹರಿಯುತ್ತಿದ್ದಳು. ಹಲ್ಲಿನಿಂದ ಅಂಚು ಕಚ್ಚಿ, ಎರಡೂ ಕೈಯಲ್ಲಿ ಹಿಡಿದು ಎಳೆದರೆ ಪರ್ ಅಂತ ನೇರ ಪಟ್ಟಿ ಬರುತ್ತಿತ್ತು. ಹತ್ತಿಪ್ಪತ್ತು ಪಟ್ಟಿ ಮಾಡಿ, ಕುದಿಯುವ ನೀರಿಗೆ ಹಾಕಿ, ಒಣಗಿಸಿ, ಗಂಟು ಕಟ್ಟಿ ಕೊಟ್ಟಳು. "ಇದನ್ನ ಮಡಿಕಿ ಒಳಗ ಇಟ್ಕೊ. ಒದ್ದಿ ಆದ್ರ ತೆಗೆದು ಇನ್ನೊಂದು ಇಡು." ಬೇರೆ ಏನೂ ಕೇಳಲಿಲ್ಲ. ಮುಂದಿನ ಒಂದೂವರೆ ವರ್ಷ ನನ್ನ ಬ್ಯಾಗಿನಲ್ಲಿ ಆ ಪಟ್ಟಿಗಳು ಇದ್ದೇ ಇರುತ್ತಿದ್ದವು. ಚರ್ಮದ ಡಾಕ್ಟರು ಮುಲಾಮು ಕೊಟ್ಟರು, ಕಡಿಮೆ ಆಯ್ತು, ಮತ್ತೆ ಬಂತು. ಕೊನೆಗೆ ಅವರೇ ಹೇಳಿದರು, ಮಡಿಕೆ ಇರೋವರೆಗೂ ಇದು ಹೋಗೋದಿಲ್ಲ, ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗಿ.

ಚಂದಕ್ಕೆ ಅನ್ನೋ ಮಾತು

ಮನೆಯಲ್ಲಿ ವಿಷಯ ಎತ್ತಿದಾಗ ಮೊದಲು ಬಂದ ಮಾತು, "ಈ ವಯಸ್ಸಿನಾಗ ಚಂದಕ್ಕ ಆಪರೇಷನ್ ಬೇಕಾ?" ಹೇಳಿದವರು ಹತ್ತಿರದವರೇ, ಹೆಸರು ಬೇಡ. ವಿಮಾ ಕಂಪನಿಯ ಕಾಗದದಲ್ಲೂ ಅದೇ ಮಾತು ಇಂಗ್ಲಿಷಿನಲ್ಲಿತ್ತು, ಕಾಸ್ಮೆಟಿಕ್ ಅಂತ. ಸ್ಲೀವ್ ಆಪರೇಷನ್ನಿಗೆ ಇದೇ ಪಾಲಿಸಿ ದುಡ್ಡು ಕೊಟ್ಟಿತ್ತು. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ 35 ಅಥವಾ ಹೆಚ್ಚಿದ್ದು ಹತೋಟಿಗೆ ಬಾರದ ಶುಗರ್‌ನಂಥ ಕಾಯಿಲೆ ಇದ್ದರೆ ಕೊಡಬೇಕು ಅಂತ ನಿಯಮ ಇದೆ. ಪ್ಲಾಸ್ಟಿಕ್ ಸರ್ಜರಿಯ ನಿಯಮ ಬೇರೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲೆ ಸರಿಪಡಿಸೋದಕ್ಕೆ ಕೊಡುತ್ತಾರೆ. ಉಳಿದದ್ದಕ್ಕೆ, ಆರೋಗ್ಯಕ್ಕೆ ನೇರ ಅಪಾಯ ಇದೆ, ಅದಕ್ಕೆ ಇದು ಬೇಕೇ ಬೇಕು ಅಂತ ಡಾಕ್ಟರು ಬರೆದುಕೊಡಬೇಕು. ಬರೆಸಿಕೊಟ್ಟೆ, ಸೀಳಿದ ಚರ್ಮದ ಫೋಟೋ ಇಟ್ಟೆ, ಮುಲಾಮಿನ ಚೀಟಿಗಳನ್ನೆಲ್ಲ ಇಟ್ಟೆ. ಆಗಲಿಲ್ಲ. ಬೋರಮಾಳ ಸರ ಬ್ಯಾಂಕಿನಲ್ಲಿ ಅಡವಿಟ್ಟೆ. ಎಲ್ಲ ಸೇರಿ ಎರಡು ಲಕ್ಷದ ಅರವತ್ತು ಸಾವಿರ ಆಯ್ತು.

ನನಗೆ ಇವತ್ತಿಗೂ ಸಿಟ್ಟು ಬರೋದು ಇಲ್ಲೇ. ತೂಕ ಇಳಿಸು ಅಂತ ಎಲ್ಲರೂ ಹೇಳಿದರು. ಇಳಿಸಿದ ಮೇಲೆ ಎಲ್ಲರೂ ಹೊಗಳಿದರು. ಆ ಇಳಿಸಿದ್ದರಿಂದಲೇ ಬಂದ ಹುಣ್ಣಿಗೆ ಮಾತ್ರ, ಅದು ನಿನ್ನ ಆಸೆ ಅಂದರು. ಅರ್ಧ ಕಟ್ಟಿದ ಮನೆಗೆ ಸಾಲ ಕೊಟ್ಟು, ಚಾವಣಿ ನಿನ್ನ ಶೋಕಿ ಅಂದ ಹಾಗಾಯ್ತು. ಮತ್ತೆ, ಚಂದಕ್ಕೇ ಅಂತ ಇಟ್ಟುಕೊಳ್ಳೋಣ. ಅದರಲ್ಲಿ ತಪ್ಪೇನಿದೆ? ನಮ್ಮ ನೆಂಟರ ಪೈಕಿ ಒಬ್ಬರು ತಲೆಗೆ ಕೂದಲು ನೆಡಿಸಿಕೊಂಡು ಬಂದರು. ಮದುವೆ ಮನೆಯಲ್ಲಿ ಎಲ್ಲರೂ ಸುತ್ತ ಕೂತು, ಎಲ್ಲಿ, ಎಷ್ಟು ಅಂತ ಕೇಳಿದರು, ಅವರೂ ಬಗ್ಗಿ ತೋರಿಸಿದರು. ನನಗೂ ಕನ್ನಡಿ ಮುಂದೆ ನಿಂತಾಗ ನನ್ನ ಮೈ ನನ್ನದು ಅನ್ನಿಸಬೇಕಿತ್ತು. ಹುಣ್ಣು ಒಂದು ಕಾರಣ, ಇದೂ ಒಂದು ಕಾರಣ. ಎರಡನೆಯದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹರ್ನಿಯಾ ಅಂದದ್ದು ಅದನ್ನು ಮುಚ್ಚೋದಕ್ಕೇ.

ನೇರಳೆ ಗೆರೆ

ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹತ್ತಿ ಬೆಳಿಗ್ಗೆ ಬೆಂಗಳೂರು. ಡಾಕ್ಟರು ಹೆಂಗಸು, ನನ್ನ ವಯಸ್ಸಿನವರೇ. ಮೊದಲ ಸಲ ಹೋದಾಗ ವಾಪಸ್ ಕಳಿಸಿಬಿಟ್ಟರು. ಹಿಮೋಗ್ಲೋಬಿನ್ 9.4 ಇತ್ತು, ಬಿ12 ತಳ ಕಂಡಿತ್ತು. ಸ್ಲೀವ್ ಆದವರಲ್ಲಿ ಇದು ಸಾಮಾನ್ಯ, ತಿನ್ನೋದೂ ಕಡಿಮೆ, ಒಳಗೆ ಸೇರೋದೂ ಕಡಿಮೆ. ರಕ್ತ ಇಲ್ಲದೆ, ಪ್ರೋಟೀನ್ ಇಲ್ಲದೆ ಇಷ್ಟುದ್ದದ ಗಾಯ ಕೂಡೋದಿಲ್ಲ ಅಂದರು. ತೂಕ ಕನಿಷ್ಠ ಆರು ತಿಂಗಳಾದರೂ ಒಂದೇ ಕಡೆ ನಿಂತಿರಬೇಕು. ಮುಂದೆ ಮಗು ಬೇಕು ಅಂತಿದ್ದರೆ ಈಗ ಮಾಡಿಸಬೇಡಿ, ಬಸಿರಿನಲ್ಲಿ ಮತ್ತೆ ಹಿಗ್ಗುತ್ತೆ. ಸಿಗರೇಟು ಸೇದ್ತೀರಾ ಅಂತ ಕೇಳಿದರು. ಇಲ್ಲ ಅಂದೆ. ಎಲೆಯಡಿಕೆ ಜೊತೆ ತಂಬಾಕು? ಅಂದರು. ನಮ್ಮ ಕಡೆಯವರನ್ನು ಬಲ್ಲವರು ಅನ್ನಿಸಿತು. ನಿಕೋಟಿನ್ ರಕ್ತನಾಳ ಕುಗ್ಗಿಸುತ್ತೆ, ಹೊಲಿಗೆಯ ಅಂಚಿಗೆ ರಕ್ತ ಸಾಲದೆ ಚರ್ಮ ಕಪ್ಪಾಗಿ ಸತ್ತುಹೋಗುತ್ತೆ. ಸೇದಿದರೂ ಒಂದೇ, ಅಗಿದರೂ ಒಂದೇ. ಐದು ತಿಂಗಳು ಮೊಟ್ಟೆ, ಹೆಸರುಬೇಳೆ, ಐರನ್ ಇಂಜೆಕ್ಷನ್. 2023ರ ದಸರಾ ರಜೆಗೆ ದಿನ ಗೊತ್ತಾಯ್ತು. ಬೇಸಿಗೆ ರಜೆ ಬೇಡ ಅಂದವಳು ನಾನೇ. ಮೈಗೆ ಬಿಗಿಯುವ ಬಟ್ಟೆಯನ್ನು ಆರು ವಾರ ಹಗಲೂ ರಾತ್ರಿ ಹಾಕಬೇಕು, ಮೇ ತಿಂಗಳಿನಲ್ಲಿ ಬಳ್ಳಾರಿಯಲ್ಲಿ ಅದು ಆಗೋ ಮಾತಲ್ಲ.

ಆಪರೇಷನ್ ದಿನ ಬೆಳಿಗ್ಗೆ ಪರದೆ ಎಳೆದು ನನ್ನನ್ನು ನಿಲ್ಲಿಸಿದರು. ಡಾಕ್ಟರು ಒಂದು ಸ್ಟೂಲ್ ಎಳೆದುಕೊಂಡು ನನ್ನ ಮುಂದೆ ಕೂತರು. ಕೈಯಲ್ಲಿ ನೇರಳೆ ಬಣ್ಣದ ಮಾರ್ಕರ್ ಪೆನ್ನು. ಮಲಗಿದರೆ ಚರ್ಮ ಅಕ್ಕಪಕ್ಕ ಹರಿದುಹೋಗುತ್ತೆ, ಎಷ್ಟು ಜೋಲುತ್ತೆ ಅಂತ ಗೊತ್ತಾಗೋದು ನಿಂತಾಗಲೇ ಅಂದರು. ಮಡಿಕೆಯನ್ನು ಎರಡೂ ಕೈಯಲ್ಲಿ ಎತ್ತಿದರು. ಚಿಮುಟಿ ನೋಡಿದರು, ಬಿಟ್ಟರು, ಇನ್ನೊಂದು ಕಡೆ ಚಿಮುಟಿದರು. ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಕೆಳಗೆ ಒಂದು ಗೆರೆ, ಮೇಲೆ ಒಂದು ಗೆರೆ. ನಡುವಿನದು ಹೋಗುತ್ತೆ. ಚರ್ಮ ಉದ್ದಕ್ಕೂ ಸಡಿಲ, ಅಗಲಕ್ಕೂ ಸಡಿಲ ಇದೆ, ಅಡ್ಡ ಗೆರೆಯಿಂದ ಉದ್ದದ ಸಡಿಲ ಮಾತ್ರ ಹೋಗುತ್ತೆ, ಅಗಲದ್ದೂ ಹೋಗಬೇಕಂದರೆ ಎದೆ ಕೆಳಗಿಂದ ಇನ್ನೊಂದು ಉದ್ದ ಗೆರೆ ಬರುತ್ತೆ ಅಂತ ಮೊದಲೇ ಹೇಳಿದ್ದರು. ಅಡ್ಡ ಒಂದೇ ಸಾಕು ಅಂದಿದ್ದೆ. ಅವರ ಕೈ ನೋಡುತ್ತಾ ನನಗೆ ಕೌಲ್ ಬಜಾರಿನ ಅಕ್ಕನೇ ನೆನಪಾದರು. ಅದೇ ಏಕಾಗ್ರತೆ, ಹಲ್ಲಿನ ನಡುವೆ ಪಿನ್ನು ಇರಲಿಲ್ಲ ಅಷ್ಟೇ. ಎಷ್ಟೋ ವರ್ಷದಿಂದ ನಾನೇ ನೋಡದ ಜಾಗವನ್ನು ಒಬ್ಬರು ಮುಖ ಸಿಂಡರಿಸದೆ, ಅಯ್ಯೋ ಅನ್ನದೆ, ಬರೀ ಕೆಲಸದ ಕಣ್ಣಿನಿಂದ ನೋಡುತ್ತಿದ್ದರು. ನನಗೆ ಅಳು ಬಂತು. ನರ್ಸ್ ಭಯಾನಾ ಅಂತ ಕೇಳಿದಳು. ಭಯ ಅಲ್ಲ ಅಂದೆ.

ತೆಗೆದದ್ದು ಎರಡು ಕಿಲೋ ನಾನೂರು ಗ್ರಾಂ. ಇದು ತೂಕ ಇಳಿಸುವ ಆಪರೇಷನ್ ಅಲ್ಲ ಅಂತ ಅಷ್ಟರಲ್ಲೇ ಗೊತ್ತಾಗುತ್ತೆ. ಕೊಬ್ಬು ಹೀರುವ ಲೈಪೊಸಕ್ಷನ್ನೂ ಬೇರೆ. ಬರೀ ಅದನ್ನು ಮಾಡಿಸಿದರೆ ಜೋತ ಚರ್ಮ ಹೋಗೋದಿಲ್ಲ, ಕೆಲವರಿಗೆ ಇನ್ನೂ ಖಾಲಿಯಾಗಿ ಜೋಲುತ್ತೆ.

ಆಮೇಲಿನದನ್ನೂ ಹೇಳಬೇಕು. ಹೊಟ್ಟೆಯ ಎರಡೂ ಬದಿಗೆ ನಳಿಗೆ, ಅದರ ತುದಿಗೆ ಸಣ್ಣ ಬುರುಡೆಯಂಥ ಡ್ರೈನು. ಒಳಗೆ ಒಸರುವ ನೀರನ್ನು ದಿನಾ ಅಳತೆ ಮಾಡಿ ಬರೆಯಬೇಕು. ನನ್ನ ಮನೆಯವರು ಹಳೇ ಡೈರಿಯಲ್ಲಿ ಬರೆದಿಟ್ಟಿದ್ದಾರೆ, 110 ಮಿಲಿ, 85, 60, ಹೀಗೆ ಮೂವತ್ತಕ್ಕಿಂತ ಕೆಳಗೆ ಬರುವವರೆಗೆ. ಹತ್ತು ದಿನ ಬೆನ್ನು ನೆಟ್ಟಗೆ ಮಾಡಲಾಗಲಿಲ್ಲ, ಬಗ್ಗಿಯೇ ನಡೆದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಎದೆಗೆ ಏರಿದರೆ ಪ್ರಾಣಕ್ಕೇ ಅಪಾಯ ಅಂತ ಅವತ್ತು ಸಂಜೆಯೇ ಎಬ್ಬಿಸಿ ನಡೆಸಿದರು, ಹೊಟ್ಟೆಗೆ ಇಂಜೆಕ್ಷನ್ ಕೊಟ್ಟರು. ಡ್ರೈನ್ ತೆಗೆದ ಮೇಲೆ ಮತ್ತೆ ನೀರು ತುಂಬಿತು, ಎರಡು ಸಲ ಸೂಜಿಯಿಂದ ತೆಗೆದರು. ನಡುವೆ ಒಂದು ಕಡೆ ಹೊಲಿಗೆ ಬಿಟ್ಟು, ಕೂಡಿಕೊಳ್ಳಲು ಮೂರು ವಾರ ಹಿಡಿಯಿತು. ಹೊಕ್ಕುಳ ತನ್ನ ಜಾಗದಲ್ಲೇ ಉಳಿಯುತ್ತೆ. ಮೇಲಿನ ಚರ್ಮವನ್ನು ಕೆಳಗೆ ಎಳೆದು, ಹೊಸ ಕಂಡಿ ಮಾಡಿ, ಅದರೊಳಗಿಂದ ಹೊರಗೆ ತರುತ್ತಾರೆ. ಕಾಜಾ ಮಾಡಿ ಗುಂಡಿ ಹೊರಗೆ ತಂದ ಹಾಗೆ. ಹೊಕ್ಕುಳಿಂದ ಕೆಳಗೆ ನಾಲ್ಕು ಬೆರಳು ಅಗಲ ನನಗೆ ಈಗಲೂ ಸ್ಪರ್ಶ ಇಲ್ಲ. ಬಿಸಿನೀರಿನ ಬ್ಯಾಗ್ ಅಲ್ಲಿ ಇಡಬಾರದು, ಸುಟ್ಟರೂ ಗೊತ್ತಾಗೋದಿಲ್ಲ. ಕಲೆ ಒಂದು ವರ್ಷ ಕೆಂಪಗಿತ್ತು, ಈಗ ಕಂದು ದಾರದ ಹಾಗಿದೆ. ಅದು ಹೋಗೋದಿಲ್ಲ. ಚರ್ಮ ಕೊಟ್ಟು ಗೆರೆ ತಗೊಂಡ ವ್ಯವಹಾರ ಇದು, ನನಗೆ ಒಪ್ಪಿಗೆಯಾಯ್ತು. ತೋಳಿಗೆ ಮಾತ್ರ ಮಾಡಿಸಲಿಲ್ಲ. ಕಂಕುಳಿಂದ ಮೊಣಕೈವರೆಗೆ ಗೆರೆ ಬರುತ್ತೆ ಅಂದರು, ಮನಸ್ಸಾಗಲಿಲ್ಲ. ಟೈಲರ್ ಅಕ್ಕ ಈಗ ಕೇಳೋದಿಲ್ಲ. ಕೈ ಎತ್ತಿದ ಅಳತೆಯನ್ನೇ ಬರೆದುಕೊಳ್ಳುತ್ತಾರೆ.

ಜೂನ್ ತಿಂಗಳು

ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ವಾರ, ವಿಜ್ಞಾನ ಹೇಳುವ ಆ ಹುಡುಗಿ ನಡೆಯುವ ರೀತಿ ನೋಡಿದೆ. ಕಾಲು ಸ್ವಲ್ಪ ಅಗಲಿಸಿ, ಸೀರೆ ಮೈಗೆ ತಾಗದ ಹಾಗೆ ಮುಂದಕ್ಕೆ ಹಿಡಿದುಕೊಂಡು. ಆ ನಡಿಗೆ ನನಗೆ ಗೊತ್ತು. 2022ರಲ್ಲಿ ನಾನೂ ಹಾಗೇ ನಡೆದಿದ್ದೆ. ಸಂಜೆ ಮನೆಗೆ ಕರೆದುಕೊಂಡು ಬಂದೆ. ಚಹಾ ಇಟ್ಟೆ. ಏನಾಗಿದೆ ಹೇಳು ಅಂದೆ. ಮೊದಲು ಏನಿಲ್ಲ ಅಂದಳು. ಆಮೇಲೆ ಎಲ್ಲ ಹೇಳಿದಳು. ಆನ್‌ಲೈನಿನಲ್ಲಿ ಚರ್ಮ ಬಿಗಿ ಮಾಡುವ ಕ್ರೀಮು ತರಿಸಿದ್ದಾಳೆ, ಮೂರು ಡಬ್ಬಿ. ಬೆವರು ಬರಿಸುವ ರಬ್ಬರ್ ಬೆಲ್ಟು ತರಿಸಿದ್ದಾಳೆ. ಏಪ್ರಿಲ್, ಮೇ ಎರಡೂ ತಿಂಗಳು ಅದನ್ನು ಕಟ್ಟಿಕೊಂಡು ಬೆಳಿಗ್ಗೆ ನೂರು, ಸಂಜೆ ನೂರು ಸಲ ಎದ್ದು ಮಲಗಿದ್ದಾಳೆ. ಬೆಲ್ಟಿನ ಕೆಳಗೆ ಎಲ್ಲ ಹುಣ್ಣು. "ನಾನು ಸರಿಯಾಗಿ ಮಾಡ್ತಿಲ್ಲ ಅನ್ನಸ್ತದ ಅಕ್ಕಾ. ನಿಮಗ ಆತು, ನನಗ ಆಗ್ಲಿಲ್ಲ."

ನಾನು ಎದ್ದು ಬಾಗಿಲ ಚಿಲಕ ಹಾಕಿದೆ. ಸೆರಗು ಸರಿಸಿ, ಲಂಗದ ಲಾಡಿ ಸಡಿಲ ಮಾಡಿ, ಗೆರೆ ತೋರಿಸಿದೆ. ಈ ತುದಿಯಿಂದ ಆ ತುದಿಗೆ. ಹರ್ನಿಯಾ ಅಲ್ಲ ಅಂದೆ. ವ್ಯಾಯಾಮದಿಂದ ಆದದ್ದೂ ಅಲ್ಲ ಅಂದೆ. ನಿನಗೆ ಸುಳ್ಳು ಹೇಳಿದೆ ಅಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರ ಆಗುತ್ತಿತ್ತು. ಬಗ್ಗಿ ನೋಡಿದಳು. ವಿಜ್ಞಾನದ ಟೀಚರ್ ಅಲ್ವಾ, ತೋರುಬೆರಳು ಇಟ್ಟು ಕೇಳಿದಳು, ಇಲ್ಲಿ ಮುಟ್ಟಿದ್ದು ಗೊತ್ತಾಗ್ತದಾ? ಇಲ್ಲ. ಸ್ವಲ್ಪ ಮೇಲೆ ಇಟ್ಟಳು. ಇಲ್ಲಿ? ಇಲ್ಲ. ಇನ್ನೂ ಮೇಲೆ. ಇಲ್ಲಿ? ಹೂಂ, ಇಲ್ಲಿ ಗೊತ್ತಾಗ್ತದೆ ಅಂದೆ.

ಚಹಾ ಆರಿಹೋಗಿತ್ತು, ಮತ್ತೆ ಬಿಸಿ ಮಾಡಿದೆ. ದುಡ್ಡು ಎಷ್ಟು, ನೋವು ಎಷ್ಟು, ಎಷ್ಟು ದಿನ ರಜೆ, ಎಲ್ಲ ಕೇಳಿದಳು. ಒಂದನ್ನೂ ಬಚ್ಚಿಡದೆ ಹೇಳಿದೆ, ಡ್ರೈನಿನ ಲೆಕ್ಕದ ಡೈರಿಯನ್ನೂ ತೋರಿಸಿದೆ. ಎಂಸಿಎಚ್ ಇಲ್ಲವೇ ಡಿಎನ್‌ಬಿ (ಈಗ ಡಿಆರ್‌ಎನ್‌ಬಿ ಅಂತಾರೆ) ಪದವಿ ಮಾಡಿದ ಪ್ಲಾಸ್ಟಿಕ್ ಸರ್ಜನ್ ಹತ್ತಿರವೇ ಹೋಗು, ಬ್ಯೂಟಿ ಕ್ಲಿನಿಕ್ಕಿನ ಬೋರ್ಡ್ ನೋಡಿ ಹೋಗಬೇಡ ಅಂದೆ. ಇನ್ನೊಂದು ಮಗು ಬೇಕು ಅಂತ ಅವರ ಮನೆಯವರಿಗೆ ಆಸೆ ಇದೆಯಂತೆ. ನಿನಗೆ? ಅಂದೆ. ನನಗೂ ಐತಿ ಅಂದಳು. ಹಾಗಾದರೆ ಈಗ ಬೇಡ, ಆಮೇಲೆ ನೋಡೋಣ, ಮೊದಲು ಹುಣ್ಣು ವಾಸಿ ಆಗಲಿ ಅಂದೆ. ಶನಿವಾರ ಶಾಲೆ ಬಿಟ್ಟ ಮೇಲೆ ಚರ್ಮದ ಡಾಕ್ಟರ ಹತ್ತಿರ ಇಬ್ಬರೂ ಹೋಗೋದು ಅಂತಾಯ್ತು.

ಹೊರಟಾಗ ನೆನಪಾಯ್ತು. ಒಳಗೆ ಹೋಗಿ ಬೀರು ತೆಗೆದೆ. ಅವ್ವ ಹರಿದು ಕೊಟ್ಟಿದ್ದ ಪಟ್ಟಿಗಳಲ್ಲಿ ಒಂದು ಗಂಟು ಹಾಗೇ ಇತ್ತು, ಕುದಿಸಿ ಒಣಗಿಸಿದ್ದು, ಬಿಚ್ಚಿರಲೇ ಇಲ್ಲ. ತಂದು ಅವಳ ಬ್ಯಾಗಿನೊಳಗೆ ಇಟ್ಟೆ. ಒದ್ದೆ ಆದರೆ ತೆಗೆದು ಇನ್ನೊಂದು ಇಡು ಅಂದೆ.